ಮಣ್ಣಿನ ಇಂಗಾಲ: ‘ಇಂಗಿಸು’ ಸರಿಯೋ, ‘ಹುದುಗಿಸು’ ಸರಿಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬೇಸಾಯಕ್ಕೂ ಹವಾಮಾನ ಬದಲಾವಣೆಗೂ ಇರುವ ನಂಟನ್ನು ವಿವರಿಸುವ ಕೈಪಿಡಿಯೊಂದನ್ನು ರೈತರಿಗಾಗಿ ಬರೆಯುತ್ತಿದ್ದೇನೆ. ಗಾಳಿಯ ಇಂಗಾಲ ಮಣ್ಣು ಸೇರಿ ಅಲ್ಲೇ ಉಳಿಯುವುದಕ್ಕೆ ಹಲವೆಡೆ ‘ಇಂಗಾಲದ ಪ್ರತ್ಯೇಕೀಕರಣ’ ಎಂದು ಬರೆಯುತ್ತಾರೆ. ನನ್ನ ಕರಡು ಓದಿದ ರೈತರೊಬ್ಬರು, ‘ಯಾವುದರಿಂದ ಯಾವುದನ್ನು ಪ್ರತ್ಯೇಕಿಸಬೇಕು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅಲ್ಲಿ ನಡೆಯುವುದು ಬೇರ್ಪಡಿಸುವ ಕೆಲಸವೇ ಅಲ್ಲ.

ಎಲೆ ಹೀರಿಕೊಂಡ ಇಂಗಾಲದ ಒಂದು ಪಾಲು ಬೇರಿನ ಸ್ರಾವವಾಗಿ, ಸತ್ತ ಬೇರಾಗಿ, ಉದುರಿದ ತರಗಾಗಿ ನೆಲ ಸೇರುತ್ತದೆ. ಸೂಕ್ಷ್ಮಜೀವಿಗಳು ಅರಗಿಸಿ ಬಿಟ್ಟದ್ದು ಜೇಡಿಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಜಗತ್ತಿನ ಮಣ್ಣಿನಲ್ಲಿರುವ ಇಂಗಾಲ ಗಾಳಿಯಲ್ಲೂ ಗಿಡಮರಗಳಲ್ಲೂ ಇರುವ ಒಟ್ಟು ಇಂಗಾಲಕ್ಕಿಂತ ಹೆಚ್ಚು. ಇಂಥ ಕಣಜಕ್ಕೆ ರೈತನ ಬಾಯಲ್ಲಿ ನಿಲ್ಲುವ ಮಾತು ಬೇಡವೇ?

ನನಗೆ ಮೊದಲು ಹೊಳೆದದ್ದು ‘ಇಂಗಿಸು’. ನೀರಿಂಗಿಸುವುದು, ಇಂಗುಗುಂಡಿ ಎಲ್ಲರಿಗೂ ಗೊತ್ತು. ‘ಇಂಗಾಲ ಇಂಗಿಸು’ ಎಂದರೆ ಕಿವಿಗೂ ಹಿತ. (ಎರಡಕ್ಕೂ ನಂಟಿಲ್ಲ, ‘ಇಂಗಾಲ’ ಸಂಸ್ಕೃತದ ‘ಅಂಗಾರ’ದಿಂದ ಬಂದದ್ದು.) ಆದರೆ ‘ಇಂಗು’ವಿಗೆ ಬತ್ತು, ಇಲ್ಲವಾಗು ಎಂಬ ಅರ್ಥವೂ ಇದೆಯಲ್ಲ? ಮಣ್ಣು ಸೇರಿದ ಇಂಗಾಲ ಇಲ್ಲವಾಗುವುದಿಲ್ಲ. ನೆಲವನ್ನು ಉತ್ತರೆ ಗಾಳಿಯಾಡಿ, ಸೂಕ್ಷ್ಮಜೀವಿಗಳು ಚುರುಕಾಗಿ, ಮತ್ತೆ ಅನಿಲವಾಗಿ ಮೇಲೇಳುತ್ತದೆ. ಹಾಗೆ ಮೇಲೇಳಬಲ್ಲದು ಎನ್ನುವುದನ್ನೇ ನಾನು ಓದುಗರಿಗೆ ಹೇಳಬೇಕಾಗಿದೆ.

ಆಗ ‘ಹುದುಗಿಸು’ ನೆನಪಾಯಿತು. ಹುದುಗಿದ್ದು ಒಳಗೇ ಇರುತ್ತದೆ, ಕೆದಕಿದರೆ ಹೊರಬರುತ್ತದೆ. ವರ್ಷಗಳಿಂದ ಉಳದ ನೆಲದ ಒಂದು ಹೆಂಟೆಯನ್ನೂ ಪದೇ ಪದೇ ಉತ್ತ ನೆಲದ ಒಂದು ಹೆಂಟೆಯನ್ನೂ ಒಣಗಿಸಿ ಎರಡು ಗಾಜಿನ ಲೋಟಗಳ ನೀರಿಗೆ ಇಳಿಬಿಟ್ಟು ನೋಡಿದ್ದೇನೆ. ಉತ್ತ ನೆಲದ್ದು ಕೆಲವೇ ನಿಮಿಷಗಳಲ್ಲಿ ಕುಸಿದು ನೀರೆಲ್ಲ ಕದಡಿತು. ಉಳದ ನೆಲದ್ದು ಕಪ್ಪಗೆ, ಕೂದಲೆಳೆಯಂಥ ಬೇರುಗಳನ್ನು ಹಿಡಿದುಕೊಂಡು, ಹಾಗೆಯೇ ಕುಳಿತಿತ್ತು. ಇಂಗಾಲವನ್ನು ಒಳಗಿಟ್ಟುಕೊಂಡ ಆ ಹಿಡಿತಕ್ಕೆ ‘ಹುದುಗು’ ಒಪ್ಪುತ್ತದೆ ಎನಿಸುತ್ತದೆ. ತೊಡಕು ಒಂದೇ: ಪಠ್ಯಪುಸ್ತಕಗಳಲ್ಲಿ ‘ಹುದುಗುವಿಕೆ’ ಎಂದರೆ ಹುಳಿಬರುವ ಕ್ರಿಯೆ. ‘ಇಂಗಾಲದ ಹುದುಗಿಸುವಿಕೆ’ ಎಂದರೆ ಓದುಗರು ಅತ್ತ ಹೋದಾರೇ?

ಇನ್ನೊಂದು ಸಣ್ಣ ಅನುಮಾನ, ಅನಿಲ ಗಾಳಿಗೆ ಸೇರುವುದಕ್ಕೆ ಬಳಸುವ ‘ಹೊರಸೂಸುವಿಕೆ’ಯ ಬಗ್ಗೆ. ಪರಿಮಳ ಸೂಸುತ್ತದೆ, ಕಾಂತಿ ಸೂಸುತ್ತದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಿಂದ ಗುಳ್ಳೆಗುಳ್ಳೆಯಾಗಿ ಬರುವ ಮೀಥೇನ್, 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುವ ಅನಿಲ. ಅದಕ್ಕೆ ‘ಹೊಮ್ಮು’ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ. ಕರಡಿನಲ್ಲಿ ಹಾಗೆಯೇ ತಿದ್ದಿದ್ದೇನೆ.

‘ಹುದುಗು’ ಪದವನ್ನು ನೆಲಕ್ಕೆ, ಬೇಸಾಯಕ್ಕೆ ಸಂಬಂಧಿಸಿ ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ‘ಇಂಗಿಸು’ವೇ ಸಾಕು ಎನ್ನುವವರು ‘ಬತ್ತು’ ಎಂಬ ಅರ್ಥದ ತೊಡಕಿಗೆ ಏನು ಹೇಳುತ್ತೀರಿ?