ಹೊಸ ಎಪಿಐಗೆ ಜೇಸನ್ನೋ, ಎಕ್ಸ್‌ಎಂಎಲ್ಲೋ, ಪ್ರೋಟೊಬಫ್ಫೋ?

ಪ್ರಶ್ನೆ: ಆರ್ಡರ್ ಮಾಹಿತಿ ಕೊಡುವ ಹೊಸ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿ) ಬರೆಯಬೇಕಿದೆ. ಬ್ರೌಸರ್, ಮೊಬೈಲ್ ಆ್ಯಪ್ ಜೊತೆಗೆ ಹೊರಗಿನ ಎರಡು ಕಂಪನಿಗಳೂ ಬಳಸುತ್ತವೆ. ಡೇಟಾ ಯಾವ ಫಾರ್ಮ್ಯಾಟ್‌ನಲ್ಲಿರಲಿ: ಸರಳ ಪಠ್ಯರೂಪದ ಜೇಸನ್, ಟ್ಯಾಗ್‌ಗಳಿರುವ ಎಕ್ಸ್‌ಎಂಎಲ್, ಬೈನರಿ ರೂಪದ ಪ್ರೋಟೊಬಫ್? ಎಪಿಐನಲ್ಲಿ ಏನೇನಿದೆ ಎಂದು ಬರೆದಿಡುವ ವಿವರಣೆಗೆ ಓಪನ್‌ಎಪಿಐ ಸಾಕೇ, ಆರ್‌ಎಎಂಎಲ್ ನೋಡಬೇಕೇ? ಮಾಡಿದವರು ತಿಳಿಸಿ.

ಉತ್ತರ: ಹೊರಗಿನವರೂ ಬಳಸುತ್ತಾರೆ ಅಂದಮೇಲೆ ಜೇಸನ್ನೇ ಇರಲಿ. ಆದರೆ ಐಡಿಗಳನ್ನು ಮೊದಲ ದಿನದಿಂದಲೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕಳಿಸಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 64 ಬಿಟ್ ಫ್ಲೋಟ್ (ಹಲವು ಸಂಖ್ಯೆಗಳನ್ನು ಅಂದಾಜಾಗಿ ಮಾತ್ರ ಇಡುವ ರೂಪ). 9007199254740991 ದಾಟಿದ ಪೂರ್ಣಾಂಕ ಹಾಗೇ ಉಳಿಯುತ್ತದೆಂಬ ಖಾತ್ರಿ ಇಲ್ಲ. ಸರ್ವರ್ ಕಳಿಸಿದ್ದು 9007199254740993 ಆದರೆ ಬ್ರೌಸರ್ ಓದುವುದು 9007199254740992. ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಸುಳಿವಿರುವುದಿಲ್ಲ, ಬೇರೆ ಯಾರದೋ ಆರ್ಡರ್ ತೆರೆದುಕೊಳ್ಳಬಹುದು. ಪ್ರೋಟೊಬಫ್ ಕೂಡ ಜೇಸನ್‌ಗೆ ಬದಲಾಗುವಾಗ ಇಂಟ್64 (64 ಬಿಟ್ ಪೂರ್ಣಾಂಕ) ಅನ್ನು ಸ್ಟ್ರಿಂಗ್ ಆಗಿಯೇ ಬರೆಯುತ್ತದೆ. ಹಣವನ್ನೂ ಫ್ಲೋಟ್‌ನಲ್ಲಿ ಇಡಬೇಡಿ. ಜೇಸನ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ, ಹಾಗಾಗಿ ಆರ್‌ಎಫ್‌ಸಿ 3339 ಎಂಬ ಮಾನದಂಡದ ರೂಪದಲ್ಲಿ, ಟೈಮ್‌ಝೋನ್ ಸಮೇತ ಕೊಡಿ.

ಉತ್ತರ: ಒಳಗಿನ ಸರ್ವಿಸ್‌ಗಳ ನಡುವೆ ಪ್ರೋಟೊಬಫ್ ಚೆನ್ನ. ಅದರಲ್ಲಿ ಫೀಲ್ಡ್ ಗುರುತಾಗುವುದು ನಂಬರ್‌ನಿಂದ, ಹಾಗಾಗಿ ತೆಗೆದುಹಾಕಿದ ಫೀಲ್ಡ್‌ನ ನಂಬರನ್ನು ಮತ್ತೆ ಬಳಸಬೇಡಿ, ರಿಸರ್ವ್ಡ್ ಎಂದು ಗುರುತಿಸಿ. ಇಲ್ಲದಿದ್ದರೆ ಹಳೆಯ ಕ್ಲೈಂಟ್ ಹೊಸ ಮೌಲ್ಯವನ್ನು ಹಳೆಯ ಅರ್ಥದಲ್ಲೇ ಓದುತ್ತದೆ. ಎಕ್ಸ್‌ಎಂಎಲ್ ಬೇಕಾಗುವುದು ಎದುರಿನವರು ಸೋಪ್ (ಎಕ್ಸ್‌ಎಂಎಲ್‌ನಲ್ಲೇ ಸಂದೇಶ ಕಳಿಸುವ ಹಳೆಯ ಪದ್ಧತಿ) ಬಳಸುತ್ತಿದ್ದರೆ ಮಾತ್ರ. ಆಗ ಅದನ್ನು ಓದುವ ಪಾರ್ಸರ್‌ನಲ್ಲಿ ಎಕ್ಸ್‌ಟರ್ನಲ್ ಎಂಟಿಟಿ (ಬೇರೆ ಫೈಲನ್ನು ಓದಿ ಸೇರಿಸುವ ಸೌಲಭ್ಯ) ಆಫ್ ಮಾಡಿ, ಇಲ್ಲವಾದರೆ ಸರ್ವರ್‌ನ ಫೈಲ್‌ಗಳು ಹೊರಗೆ ಸೋರಬಹುದು.

ಉತ್ತರ: ವಿವರಣೆಗೆ ಓಪನ್‌ಎಪಿಐ. ಹೊಸ ಕೆಲಸಕ್ಕೆ ಆರ್‌ಎಎಂಎಲ್ ಬೇಡ, ಟೂಲ್‌ಗಳು ಕಡಿಮೆ. ಎಡವುವುದು ಓಪನ್‌ಎಪಿಐ 3.0 ಮತ್ತು 3.1ರ ನಡುವೆ. 2021ರಲ್ಲಿ ಬಂದ 3.1, ಜೇಸನ್ ಸ್ಕೀಮಾದ (ಜೇಸನ್ ಡೇಟಾ ಹೇಗಿರಬೇಕೆಂದು ಹೇಳುವ ಮಾನದಂಡ) 2020-12 ಆವೃತ್ತಿಗೆ ಹೊಂದಿಕೊಂಡಿತು. ‘ನಲಬಲ್: ಟ್ರೂ’ (ಮೌಲ್ಯ ನಲ್, ಅಂದರೆ ಖಾಲಿ, ಆಗಿರಬಹುದು ಎಂಬ ಸೂಚನೆ) ಹೋಯಿತು, ಅದರ ಬದಲು ಟೈಪ್‌ನಲ್ಲೇ ಸ್ಟ್ರಿಂಗ್, ನಲ್ ಎರಡನ್ನೂ ಪಟ್ಟಿ ಮಾಡಬೇಕು. ಫೈಲ್‌ನ ಮೇಲ್ಗಡೆ ವರ್ಷನ್ ಮಾತ್ರ ಬದಲಿಸಿದರೆ ಹಳೆಯ ಸಾಲಿಗೆ ಬೆಲೆಯೇ ಇರುವುದಿಲ್ಲ. ವಿವರಣೆ ಓದಿ ಕೋಡ್ ಬರೆದುಕೊಡುವ ಜನರೇಟರ್, ಆ ಫೀಲ್ಡ್‌ಗೆ ನಲ್ ಬರುವುದೇ ಇಲ್ಲವೆಂದು ಕೋಡ್ ಬರೆಯುತ್ತದೆ, ನಲ್ ಬಂದ ದಿನ ಆ್ಯಪ್ ಬೀಳುತ್ತದೆ. ನಿಮ್ಮ ಕೋಡ್ ಜನರೇಟರ್ 3.1 ಓದುತ್ತದೆಯೇ ಎಂದು ಮೊದಲು ಒಂದು ಸಣ್ಣ ಫೈಲ್ ಕೊಟ್ಟು ನೋಡಿ.

ವಿವರಣೆಯ ಫೈಲನ್ನು ಯಾಮಲ್‌ನಲ್ಲಿ (ಜೇಸನ್ ಬದಲು ಬಳಸುವ ಇನ್ನೊಂದು ಪಠ್ಯ ಫಾರ್ಮ್ಯಾಟ್) ಬರೆಯುವುದಾದರೆ, ನಿಮ್ಮ ಎಪಿಐ ವರ್ಷನ್ 1.10 ಆಗಿದ್ದಾಗ ಅದನ್ನು ಕೋಟ್ಸ್‌ನಲ್ಲಿಡಿ. ಇಲ್ಲದಿದ್ದರೆ ಅದು ಸಂಖ್ಯೆಯಾಗಿ 1.1 ಆಗಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಫೀಲ್ಡ್ ಇಲ್ಲದಿರುವುದೂ ನಲ್ ಇರುವುದೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ವಿವರಣೆಯಲ್ಲಿನ ‘ರಿಕ್ವೈರ್ಡ್’ ಹೇಳುವುದು ಕೀ (ಫೀಲ್ಡ್‌ನ ಹೆಸರು) ಇರಲೇಬೇಕು ಎಂದು. ಅದರ ಮೌಲ್ಯ ನಲ್ ಆಗಬಹುದೇ ಎಂಬುದನ್ನು ಟೈಪ್ ಹೇಳುತ್ತದೆ. ಜೇಸನ್ ಮರ್ಜ್ ಪ್ಯಾಚ್‌ನಲ್ಲಿ (ಬದಲಾದ ಫೀಲ್ಡ್‌ಗಳನ್ನಷ್ಟೇ ಕಳಿಸುವ ವಿಧಾನ) ಕೀ ಇಲ್ಲದಿದ್ದರೆ ‘ಇದ್ದದ್ದು ಇರಲಿ’ ಎಂದರ್ಥ, ನಲ್ ಇದ್ದರೆ ‘ಅಳಿಸು’ ಎಂದರ್ಥ. ಖಾಲಿ ಫೀಲ್ಡ್‌ಗಳನ್ನೆಲ್ಲ ನಲ್ ಮಾಡಿ ಕಳಿಸುವ ಕ್ಲೈಂಟ್, ಫೋನ್ ನಂಬರ್ ತಿದ್ದಲು ಹೋಗಿ ವಿಳಾಸವನ್ನೂ ಅಳಿಸಿಬಿಡುತ್ತದೆ.