ಆರಕ್ಕೊಂದು ದಪ್ಪ ಕಂಬ

(ಚಿಕ್ಕಬಳ್ಳಾಪುರದ ನಮ್ಮ ಮನೆಯವರ ವಾಟ್ಸಾಪ್ ಗುಂಪು)

ದೊಡ್ಡಪ್ಪ: [ಫೋಟೋ] ಇಂಗ್ಲೆಂಡಿನ ರಿಬಲ್‌ಹೆಡ್ ರೈಲು ಸೇತುವೆ. 24 ಕಮಾನು, ಬರೀ ಕಲ್ಲು. ಕಟ್ಟಿದ ಮೇಲೆ ರಿಪೇರಿಯೇ ಆಗಿಲ್ಲವಂತೆ. ಒಂದು ಕಂಬ ಬಿದ್ದರೂ ಉಳಿದದ್ದು ಅಲ್ಲಾಡುವುದಿಲ್ಲವಂತೆ!

ನಾನು: ದೊಡ್ಡಪ್ಪ, ಸೇತುವೆ ನಿಜ, ಮೆಸೇಜು ತಪ್ಪು. ಕಂಬ ಸುಣ್ಣಕಲ್ಲಿನದು, ಕಮಾನಿನ ಅಡಿಭಾಗ ಕೆಂಪು ಇಟ್ಟಿಗೆ. 1870ರಲ್ಲಿ ಶುರು ಮಾಡಿ 1874ರಲ್ಲಿ ಮುಗಿಸಿದರು. ರಿಪೇರಿಯದ್ದೇ ದೊಡ್ಡ ಕಥೆ. 1980ರ ದಶಕದಲ್ಲಿ ರಿಪೇರಿ ಖರ್ಚು ಜಾಸ್ತಿ ಅಂತ ಆ ರೈಲು ಮಾರ್ಗವನ್ನೇ ಮುಚ್ಚಲು ಹೊರಟಿದ್ದರು. ಜನ ಬಿಡಲಿಲ್ಲ. 1989ರಲ್ಲಿ ಮಾರ್ಗ ಉಳಿಯಿತು.

ದೊಡ್ಡಪ್ಪ: ಸರಿ. ಕಂಬದ ಮಾತು?

ನಾನು: ಅದು ಅರ್ಧ ಮಾತ್ರ ನಿಜ. ಕಮಾನು ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಎಡಗಡೆಯದು ತಳ್ಳಿದ್ದನ್ನು ಬಲಗಡೆಯದು ತಡೆಯುತ್ತದೆ. ನಡುವೆ ಒಂದು ಹೋದರೆ ಪಕ್ಕದವೂ ಸಾಲಾಗಿ ಬೀಳುತ್ತವೆ. ಅದಕ್ಕೇ ಪ್ರತಿ ಆರನೇ ಕಂಬವನ್ನು ದಪ್ಪ ಕಟ್ಟಿದ್ದಾರೆ, ಬೀಳುವುದು ಅಲ್ಲಿಗೆ ನಿಲ್ಲಲಿ ಅಂತ. ತಾವು ಕಟ್ಟಿದ್ದು ಬೀಳಬಹುದು ಅಂತ ಮೊದಲೇ ಯೋಚಿಸಿದ್ದಾರಲ್ಲ, ನನಗೆ ಅದೇ ತುಂಬಾ ಇಷ್ಟ.

ಅತ್ತೆ: ನಮ್ಮ ನಂದಿಯ ಭೋಗನಂದೀಶ್ವರ 9ನೇ ಶತಮಾನದ್ದು ಕಣೋ. ಕಮಾನಿಲ್ಲದೇ ನಿಂತಿಲ್ವಾ?

ನಾನು: ನಿಂತಿದೆ ಅತ್ತೆ. ಆದರೆ ಕಂಬಗಳು ಎಷ್ಟು ಹತ್ತಿರ ಇವೆ ನೋಡಿ. ಕಲ್ಲು ಎಷ್ಟು ಒತ್ತಿದರೂ ತಾಳುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಉದ್ದದ ತೊಲೆ ಹಾಕಿದರೆ ಅಡಿಯಿಂದ ಬಿರುಕು ಬಿಡುತ್ತದೆ. ಕಮಾನಿನಲ್ಲಿ ಕಲ್ಲು, ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡೇ ಇರುತ್ತವೆ, ಬಾಗುವ ಕಷ್ಟವೇ ಇಲ್ಲ. ಹಾಗಾಗಿ ರಿಬಲ್‌ಹೆಡ್‌ನಲ್ಲಿ ಒಂದೊಂದು ಕಮಾನು 45 ಅಡಿ ದಾಟುತ್ತದೆ.

ದೊಡ್ಡಪ್ಪ: ಅಂದರೆ ನಮ್ಮವರಿಗೆ ಗೊತ್ತಿರಲಿಲ್ಲ ಅಂತೀಯಾ?

ನಾನು: ಖಂಡಿತ ಹಾಗೆ ಹೇಳುತ್ತಿಲ್ಲ. ಕಲ್ಲಿನ ಗುಣ ಗೊತ್ತಿದ್ದಕ್ಕೇ ಕಂಬ ಹತ್ತಿರ ಇಟ್ಟರು. ಮಂಟಪಕ್ಕೆ ಅದು ಸಾಕು. ರೈಲಿಗೆ ಕಣಿವೆ ದಾಟಬೇಕಿತ್ತು. ಯಾರು ಮೇಲು ಅನ್ನೋ ಜಗಳ ಸುಮ್ನೆ.

ಅಕ್ಕ: ಆ ಸೇತುವೆ ಕಟ್ಟಿದವರ ಬಗ್ಗೆ ಇಲ್ಲಿ ಯಾರೂ ಬರೆಯಲಿಲ್ಲ. ಆ ಜವುಗು ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರು, ಅವರ ಹೆಂಡತಿ ಮಕ್ಕಳು. ಸಿಡುಬಿಗೆ, ಅಪಘಾತಕ್ಕೆ ಎಷ್ಟೋ ಜನ ಸತ್ತರು. ಹತ್ತಿರದ ಚರ್ಚಿನ ಅಂಗಳದಲ್ಲಿ ಹೂತರು. ಬೇರೆಯವರಿಗೆ ಕಳಿಸುವಾಗ ಅದನ್ನೂ ಸೇರಿಸಿ ದೊಡ್ಡಪ್ಪ.

ದೊಡ್ಡಪ್ಪ: ಆ ಮೆಸೇಜು ಅಳಿಸುತ್ತೇನೆ. ಇವನು ಸರಿಯಾಗಿ ಬರೆದು ಹಾಕಲಿ, ಕೂಲಿಯವರದ್ದೂ ಇರಲಿ. ಭಾನುವಾರ ನಂದಿಗೆ ಹೋಗೋಣ. ಟೇಪು ತಗೊಂಡು ಬಾ, ಆ ಕಂಬಗಳ ಅಂತರ ಅಳೆದೇ ನೋಡಬೇಕು.