‘ಬೆಲ್ಟ್ ಇಲ್ಲದ ಗಾಡಿ’ಗೆ ‘ವಿನಾಯಿತಿ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಮಕ್ಕಳನ್ನ ಕಾರಲ್ಲಿ ಹೇಗೆ ಕೂರಿಸ್ಬೇಕು ಅನ್ನೋ ಬಗ್ಗೆ ಬೇರೆ ಬೇರೆ ದೇಶದ ಕಾನೂನು ಏನು ಹೇಳುತ್ತೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೀತಿದೀನಿ, ಹಳೇ ಗಾಡಿಗಳ ಭಾಗಕ್ಕೆ ಬಂದಾಗ ಪದಗಳು ಕೈಕೊಡ್ತಿವೆ.

‘ಕಾರ್ ಸೀಟ್’ ವಿಷಯ ಬೇಗ ಮುಗಿಸ್ತೀನಿ. ಮಕ್ಕಳಿಗಂತ್ಲೇ ಕಾರೊಳಗೆ ಬಿಗಿಯೋ ಪುಟ್ಟ ಸೀಟಿಗೆ ಇಂಗ್ಲಿಷಲ್ಲಿ ಹಾಗಂತಾರೆ. ಕನ್ನಡದಲ್ಲಿ ‘ಕಾರ್ ಸೀಟಲ್ಲಿ ಕೂರಿಸಿ’ ಅಂದ್ರೆ ಕಾರಿನ ಸೀಟಲ್ಲೇ ಕೂರಿಸಿ ಅಂತ ಆಗುತ್ತೆ, ಬೇಡ ಅಂತಿರೋದೇ ಅದನ್ನ. ಅದಕ್ಕೆ ‘ಚೈಲ್ಡ್ ಸೀಟ್’ ಅಂತ ಇಟ್ಕೊಂಡಿದೀನಿ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಸೆಕ್ಷನ್‌ನಲ್ಲಿ 14 ವರ್ಷದೊಳಗಿನ ಮಗುಗೆ ಸೇಫ್ಟಿ ಬೆಲ್ಟ್ ‘ಅಥವಾ’ ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಮ್ ಇರಬೇಕು, ಇಲ್ದಿದ್ರೆ 1000 ರೂಪಾಯಿ ದಂಡ ಅಂತಿದೆ. ಈ ರಿಸ್ಟ್ರೇಂಟನ್ನ ಯಾರಾದ್ರೂ ‘ಮಕ್ಕಳ ನಿಗ್ರಹ ವ್ಯವಸ್ಥೆ’ ಅಂತ ಮಾಡೋಕೆ ಮುಂಚೆ ಚೈಲ್ಡ್ ಸೀಟ್ ಅಂತ್ಲೇ ಬಳಕೆಗೆ ಬಂದ್ಬಿಟ್ರೆ ಒಳ್ಳೇದು.

ನಿಜವಾದ ತೊಡಕು ‘ಇಲ್ಲದ’ ಅನ್ನೋದ್ರಲ್ಲಿ. ಬ್ರಿಟನ್ನಲ್ಲಿ ಮಗುಗೆ 12 ವರ್ಷ ಆಗೋವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಬೆಳೆಯೋವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಚೈಲ್ಡ್ ಸೀಟ್ ಬೇಕು. ಸೀಟ್ ಬೆಲ್ಟ್ ಇಲ್ಲದ ಕ್ಲಾಸಿಕ್ ಕಾರುಗಳಿಗೆ ಮಾತ್ರ ಬೇರೆ ನಿಯಮ, ಆದ್ರೆ ಅದು ಗಾಡಿ ತಯಾರಾದಾಗಲೇ ಬೆಲ್ಟ್ ಇರದಿದ್ರೆ ಮಾತ್ರ. ಕನ್ನಡದ ‘ಬೆಲ್ಟ್ ಇಲ್ಲದ ಗಾಡಿ’ಯಲ್ಲಿ ಈ ‘ಆಗಲೇ’ ಅನ್ನೋದು ಎಲ್ಲೂ ಇಲ್ಲ. ‘ಇಲ್ಲದ’ ಅನ್ನೋದಕ್ಕೆ ಹಿಂದೆ ಈಗ ಅನ್ನೋ ಭೇದವೇ ಇಲ್ವಲ್ಲ, ಬೆಲ್ಟ್ ಕಿತ್ತು ಹಾಕಿದ್ರೂ ಇಲ್ಲದ ಗಾಡಿ, ಹರಿದು ಹೋದ್ರೂ ಇಲ್ಲದ ಗಾಡಿ, ಕಂಪನಿಯವರೇ ಹಾಕದೆ ಕಳಿಸಿದ್ರೂ ಇಲ್ಲದ ಗಾಡಿ. ‘ಬೆಲ್ಟ್ ಇಲ್ಲದೆ ತಯಾರಾದ’ ಅಂದ್ರೆ ಸರಿ ಹೋಗುತ್ತೆ ಅನ್ಸುತ್ತೆ, ಅಥವಾ ಗ್ಯಾರೇಜಲ್ಲಿ ಹೇಳೋ ಹಾಗೆ ‘ಕಂಪನಿ ಫಿಟ್ಟಿಂಗ್ ಬೆಲ್ಟೇ ಇಲ್ಲದ’ ಅಂತ ಬರೆದುಬಿಡ್ಲಾ? ‘ಮೂಲತಃ’ ಅಂತ ಸೇರಿಸಿದ್ರೆ ಕೇಳೋಕೆ ಗಂಭೀರವಾಗಿರುತ್ತೆ, ಅರ್ಥ ಮಾತ್ರ ಗಟ್ಟಿಯಾಗಲ್ಲ.

‘ಹಳೇ ಗಾಡಿ’ಯೂ ಹಾಗೇ. ನಮ್ಮಲ್ಲಿ ಹಳೇ ಗಾಡಿ ಅಂದ್ರೆ ತಲೆಗೆ ಬರೋದು 15 ವರ್ಷದ ಲೆಕ್ಕ, ಅದು ಪ್ರತಿ ವರ್ಷ ಮುಂದೆ ಹೋಗ್ತಾ ಇರುತ್ತೆ. ಈ ಕಾನೂನುಗಳಲ್ಲಿ ಇರೋದು ನಿಂತ ಗಡುವು: ಅಮೆರಿಕದಲ್ಲಿ 1968ರ ಮಾಡೆಲ್‌ನಿಂದ ಕಾರುಗಳಿಗೆ ಬೆಲ್ಟ್ ಕಡ್ಡಾಯ ಆಯ್ತು, ಅಲ್ಲಿನ ಕೆಲವು ರಾಜ್ಯಗಳ ಕಾನೂನು ಆ ಗಡುವಿಗೇ ಅಂಟಿಕೊಂಡಿದೆ. ಹಾಗಾಗಿ 1995ರ ಕಾರು ಎಷ್ಟೇ ಹಳೇದಾದ್ರೂ ಈ ಅರ್ಥದಲ್ಲಿ ಹಳೇದಲ್ಲ. ಚೈಲ್ಡ್ ಸೀಟ್ ಸಿಕ್ಕಿಸೋ ಕೊಂಡಿಗಳು ಅಲ್ಲಿ ಹೊಸ ಗಾಡಿಗೆಲ್ಲ ಕಡ್ಡಾಯ ಆಗಿದ್ದು 2002ರಲ್ಲಿ, ಅದಕ್ಕೂ ಹಿಂದಿನ ಕಾರಲ್ಲಿ ಕೊಂಡಿ ಇಲ್ಲ ಅಂದ ಮಾತ್ರಕ್ಕೆ ಬಿಡುಗಡೆ ಸಿಗಲ್ಲ, ಬೆಲ್ಟಿಂದಲೇ ಸೀಟ್ ಬಿಗೀಬಹುದಲ್ಲ.

ಇನ್ನು ‘ವಿನಾಯಿತಿ’. ತೆರಿಗೆ ವಿನಾಯಿತಿ, ಶುಲ್ಕ ವಿನಾಯಿತಿ ಕೇಳಿ ಕೇಳಿ ನಮಗೆ ಅದು ಲಾಭದ ಪದ ಆಗ್ಬಿಟ್ಟಿದೆ, ಸಿಕ್ಕಿದೋರು ಅದೃಷ್ಟವಂತರು. (ಪೇಪರ್‌ನೋರು ಇದನ್ನ ‘ರಿಯಾಯಿತಿ’ ಜೊತೆ ಕಲೆಸಿಬಿಡೋದು ಬೇರೆ ಸಂಕಟ.) ಆದ್ರೆ ಬ್ರಿಟನ್ನಿನ ಆ ಕ್ಲಾಸಿಕ್ ಕಾರಿನ ನಿಯಮ ನೋಡಿ: 3 ವರ್ಷದೊಳಗಿನ ಮಗೂನ ಆ ಗಾಡೀಲಿ ಕೂರಿಸೋ ಹಾಗೇ ಇಲ್ಲ, 3 ದಾಟಿದ ಮಕ್ಕಳು ಹಿಂದಿನ ಸೀಟಲ್ಲಿ ಮಾತ್ರ. ಇದಕ್ಕೆ ವಿನಾಯಿತಿ ಅಂದ್ರೆ ಓದೋರು ಹಳೇ ಕಾರಲ್ಲಿ ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಹೊರಡಬಹುದು ಅಂತ್ಲೇ ತಿಳ್ಕೋತಾರೆ. ಅದೇ ದೇಶದಲ್ಲಿ ಟ್ಯಾಕ್ಸಿಯೋನು ಚೈಲ್ಡ್ ಸೀಟ್ ಕೊಡದಿದ್ರೆ ಮಕ್ಕಳು ಅದಿಲ್ದೇ ಹಿಂದಿನ ಸೀಟಲ್ಲಿ ಹೋಗಬಹುದು, ಅದು ಸರಿಯಾದ ವಿನಾಯಿತಿ.

ಮೂರನೇ ಥರದ್ದೂ ಒಂದಿದೆ. ಹಿಂದಿನ ಸೀಟಿಗೆ ಬರೀ ಸೊಂಟದ ಬೆಲ್ಟ್ ಇರೋ ಹಳೇ ಕಾರುಗಳಲ್ಲಿ ಬೂಸ್ಟರ್ (ಸ್ವಲ್ಪ ದೊಡ್ಡ ಮಕ್ಕಳ ಎತ್ತರದ ಸೀಟ್) ಬೇಡ ಅಂತ ಅಮೆರಿಕದ ಕೆಲವು ರಾಜ್ಯಗಳು ಹೇಳ್ತವೆ. ಬೂಸ್ಟರ್ ಕೆಲಸ ಮಗೂನ ಎತ್ತರಿಸಿ ಹೆಗಲ ಪಟ್ಟಿ ಎದೆ ಮೇಲೆ ಸರಿಯಾಗಿ ಬರೋ ಹಾಗೆ ಮಾಡೋದು, ಹೆಗಲ ಪಟ್ಟೀನೇ ಇಲ್ದಿದ್ರೆ ಬ್ರೇಕ್ ಹಾಕಿದಾಗ ಮೇಲ್ಭಾಗ ಪೂರ್ತಿ ಮುಂದಕ್ಕೆ ಬಗ್ಗುತ್ತೆ. ಅಂದ್ರೆ ಇಲ್ಲಿ ‘ಬೇಕಿಲ್ಲ’ ಅನ್ನೋದೂ ಸಾಲದು, ‘ಹಾಕಬಾರದು’ ಅಂತ್ಲೇ ಬರೀಬೇಕು.

ನನಗೆ ತೋಚಿರೋದು ಇಷ್ಟು: ಅಮೆರಿಕದ 1968ಕ್ಕಿಂತ ಹಿಂದಿನ ಗಾಡಿಗೆ ‘ಅನ್ವಯಿಸಲ್ಲ’, ಬ್ರಿಟನ್ನಿನ ಟ್ಯಾಕ್ಸಿಗೆ ‘ವಿನಾಯಿತಿ’, ಸೊಂಟದ ಬೆಲ್ಟ್ ಬೂಸ್ಟರ್‌ಗೆ ‘ಬಾರದು’. ಬ್ರಿಟನ್ನಿನ ಕ್ಲಾಸಿಕ್ ಕಾರಿಗೆ ‘ಪ್ರತ್ಯೇಕ ನಿಯಮ’ ಅಂತ ಹಾಕಿದೀನಿ, ಸಪ್ಪೆ ಅನ್ನಿಸ್ತಿದೆ. ಆರ್‌ಟಿಒ ಕಾಗದಪತ್ರ ಕನ್ನಡದಲ್ಲಿ ಬರೆದು ಅಭ್ಯಾಸ ಇರೋರು ಇದ್ರೆ, ಅಲ್ಲಿ ಇಂಥದಕ್ಕೆ ಏನು ಬರೀತೀರಿ, ತಿಳಿಸಿ.